ಐವತ್ತಾರರ ಬಡಿವಾರ

ಕಿತ್ತೂರ ಬಸ್‌ಸ್ಟ್ಯಾಂಡಿನ ಎದರಿಗೆ ನಮ್ಮ ಕಾಕಾ ಒಂದು ಬೋರ್ಡ್ ಬರಸಿ ಹಾಕಿದ್ದ. ಹಳದಿ ಬಣ್ಣದ ಮ್ಯಾಲ ಕೆಂಪ ಅಕ್ಷರ: ‘ಅತಿವೇಗದ ಇಂಟರ್‌ನೆಟ್ ೫೬’. ಐವತ್ತಾರು ಅಂದ್ರ ಏನು, ಐವತ್ತಾರು ಕಿಲೋ ಏನು, ಐವತ್ತಾರು ಮೈಲಿ ಏನು ಅಂತ ಯಾರರ ಕೇಳಿದ್ರ ಅಂವಗೂ ಗೊತ್ತಿರಲಿಲ್ಲ. ಹುಬ್ಬಳ್ಳಿಯಿಂದ ಮೋಡೆಮ್ ತಂದ ರಟ್ಟಿನ ಡಬ್ಬಿ ಮ್ಯಾಲ ಆ ಅಂಕಿ ದೊಡ್ಡದಾಗಿ ಅಚ್ಚಾಗಿತ್ತು, ಇಂವ ಅದನ್ನ ಎತ್ತಿ ಬೋರ್ಡಿಗೆ ಏರಿಸಿದ. ಡಬ್ಬಿ ಮ್ಯಾಲಿನ ಅಂಕಿ ಅಂದ್ರ ಬೀಜದ ಚೀಲದ ಮ್ಯಾಲ ಅಚ್ಚ ಹಾಕಿದ ಫಸಲಿನ ಚಿತ್ರ ಇದ್ದಂಗ ಅಂತ ಒಕ್ಕಲತನದ ಮನ್ಯಾಗ ಹುಟ್ಟಿದಂವಗ ಹೇಳಬೇಕೇನ್ರಿ? ಹೇಳಬೇಕಾತು. ಹೇಳಿದ್ರೂ ತಿಳೀಲಿಲ್ಲ.

ನಾನು ದೊಡವಾಡದಾಕಿ. ಪಿಯುಸಿ ಮುಗದ ಮ್ಯಾಲ ದಿನಾ ಬಸ್ ಹತ್ತಿ ಬೈಲಹೊಂಗಲಕ್ಕ ಹೋಗಿ ಕಂಪ್ಯೂಟರ್ ಕ್ಲಾಸ್ ಕಲತಿದ್ದೆ. ಎರಡು ಸಾವಿರ ಇಸ್ವಿ ಆಗಷ್ಟ ಚಾಲೂ ಆಗಿತ್ತು. ಕಾಕಾ ಅಂದ್ರ ನಮ್ಮಪ್ಪನ ತಮ್ಮ. ಕಿತ್ತೂರಾಗ ಎಸ್‌ಟಿಡಿ ಬೂತ್ ಇಟ್ಟಿದ್ದ, ಬೂತಿನ ಹಿಂದ ಮನಿ. ಧಾರವಾಡದಾಗ ಯಾರದೋ ಅಂಗಡ್ಯಾಗ ಇಂಟರ್‌ನೆಟ್ ನೋಡಿ ಬಂದಾಂವ ಸೀದಾ ನಮ್ಮನಿಗೆ ಬಂದು, ‘ನಿನ್ನ ಮಗಳನ್ನ ನನ್ನ ಕೂಡ ಕಳಸು, ಅಣ್ಣಾ. ಕಿತ್ತೂರಾಗ ಯಾರೂ ಮಾಡಲಾರದ್ದನ್ನ ಮಾಡಿ ತೋರಸ್ತೇನಿ’ ಅಂದ. ಅಪ್ಪ ಕಳಸಿದ, ನಾ ಅವರ ಮನ್ಯಾಗ ಉಳದು ಬೂತಿನಾಗ ಕುಂದರಾಕ ಹತ್ತಿದೆ. ಯಾರೂ ಮಾಡಲಾರದ್ದನ್ನ ಮಾಡಿದ್ದಂತೂ ಖರೇ.

ಕಾಕಾನ ಮಾತು ಅಂದ್ರ ಅರಳು ಹುರದಂಗ. ಒಂದು ಮಾತಿನ ಬಾಲ ಹಿಡಕೊಂಡ ಇನ್ನೊಂದು ಮಾತು. ಎದರಿಗೆ ಇದ್ದಾವ ಬಾಯಿ ತಗಿಯೂದ್ರೊಳಗ ಅವನ ಮಾತನ್ನೂ ತಾನ ಆಡಿ ಮುಗಸತಿದ್ದ. ಊಟಾನೂ ಹಂಗ, ನಡಿಗಿನೂ ಹಂಗ. ‘ಭಾಳ ಚುರುಕ ಮನಷ್ಯಾ’ ಅಂತ ಮಂದಿ ಹೊಗಳತಿದ್ರು. ಚುರುಕಂತ ಚುರುಕು! ಅವನ ಕೂಡ ಒಂದು ತಾಸು ಕುಂತು ಎದ್ದವರಿಗೆ ಅವ ಏನು ಹೇಳಿದ ಅಂತ ಕೇಳಿದ್ರ ಬರೇ ತಲಿ ಕೆರಕೋತಿದ್ರು.

ಇಂಥಾವನ ಹೇಣ್ತಿ ನಮ್ಮ ಚಿಗವ್ವ. ಸವದತ್ತಿ ಅಕಿ ತವರಮನಿ. ಸಣ್ಣಾಕಿದ್ದಾಗ ಜ್ವರ ಬಂದು ಕಿವಿ ಮಂದ ಆಗಿದ್ದುವು. ಪೂರಾ ಕೇಳಸೂದಿಲ್ಲ ಅಂತಲ್ಲ. ಸಣ್ಣ ದನಿ, ಕೀರಲು ದನಿ ಹತ್ತೂದಿಲ್ಲ. ಎದರಿಗೆ ನಿಂತು, ಮಾರಿ ತೋರಿಸಿ, ಸಾವಕಾಶ ಒಂದೊಂದ ಮಾತು ಬಿಡಿಸಿ ಆಡಿದ್ರ ಎಲ್ಲಾ ಕೇಳತಿತ್ತು. ಸವದತ್ತ್ಯಾಗ ಅಕಿ ಅಣ್ಣತಮ್ಮರು, ಓಣಿಯವರು, ಬಳಿ ತೊಡಸೂ ಸಾಬರ ಮುದುಕಿ ಸೈತ ಅಕಿ ಕೂಡ ಹಂಗ ಮಾತಾಡತಿದ್ರಂತ. ಕಿತ್ತೂರಿಗೆ ಕೊಟ್ಟ ಮ್ಯಾಲ ಆ ರೂಢಿ ಮುಗೀತು. ಕಾಕಾ ಬಾಗಲದಾಗ ಚಪ್ಪಲಿ ಮೆಟ್ಟಕೋತ, ಬೆನ್ನ ತಿರುವಿ, ಭಡಭಡ ಅಂತ ಹೇಳಿ ಹೋಗತಿದ್ದ. ಚಿಗವ್ವ ‘ಏನಂದ್ರಿ?’ ಅಂದ್ರ ಅದನ್ನ ಅಷ್ಟ ಜೋರಲೆ, ಅದಕ್ಕಿಂತ ಹೆಚ್ಚು ದನಿಲೆ ಒದರತಿದ್ದ. ಆಮ್ಯಾಲ ಬಂದವರ ಮುಂದ, ‘ನಮ್ಮಾಕಿ ಕಿವುಡಿ ರೀ, ಏನ ಮಾಡೂದು’ ಅಂತ ಮಾರಿ ಸಣ್ಣದು ಮಾಡತಿದ್ದ. ಕಿವುಡಿ ಅಲ್ಲ ಅಕಿ. ಇವನ ಗಡಿಬಿಡಿಗೆ ಕಿವಿ ಎಲ್ಲಿಂದ ತರಬೇಕು?

ಅವರಿಗೆ ಒಬ್ಬಾಕಿ ಮಗಳು. ನನಗಿಂತ ದೊಡ್ಡಾಕಿ, ನಾ ಅಕ್ಕ ಅಂತಿದ್ದೆ. ಬೆಳಗಾವ್ಯಾಗ ನರ್ಸಿಂಗ್ ಕಲತು ಮಸ್ಕತ್ತಿಗೆ ನೌಕರಿಗೆ ಹೊಂಟು ನಿಂತಾಗ ಕಾಕಾ, ‘ಹೋದ್ರ ಹೋಗು, ತಿರಗಿ ಈ ಹೊಸ್ತಿಲಾ ತುಳೀಬ್ಯಾಡ’ ಅಂದಿದ್ದ. ಅಕಿ ಹೋದಳು. ಅಲ್ಲೆ ಕರೆಂಟ್ ಕೆಲಸ ಮಾಡೂ ರಾಮದುರ್ಗದ ಹುಡುಗನ್ನ ಒಪ್ಪಿಕೊಂಡಳು. ಲಗ್ನ ರಾಮದುರ್ಗದಾಗ ಆತು. ಚಿಗವ್ವ ನಮ್ಮ ಅಪ್ಪ ಅವ್ವನ ಕೂಡ ಹೋಗಿ ಅಕ್ಕಿಕಾಳ ಹಾಕಿ ಬಂದಳು, ಕಾಕಾ ಅವತ್ತ ಬೂತಿನಾಗ ಕುಂತು ಮಂದಿಗೆ ಫೋನ್ ಹಚ್ಚಿ ಕೊಡತಿದ್ದ. ಅಕ್ಕ ಅಲ್ಲಿಂದ ಫೋನ್ ಮಾಡಿದ್ರ ದನಿ ಗುರುತು ಹಿಡದು ರಿಸೀವರ್ ಮೇಜಿನ ಮ್ಯಾಲ ಇಟ್ಟು ಹೊರಗ ಹೋಗತಿದ್ದ. ನಾನೋ, ಬಾಜೂ ಅಂಗಡಿಯವರೋ ಎತ್ತಬೇಕು. ಚಿಗವ್ವನ ಕೈಯಾಗ ಕೊಟ್ರ ಮಾರಿ ಕಾಣೂದಿಲ್ಲ, ದನಿ ಸಣ್ಣದು, ಮಾತು ಹೋಗಿ ಮುಟ್ಟೂದೂ ತಡ. ಬರೇ ‘ಹಲೋ, ಹಲೋ, ಆರಾಮ ಅದೀಯೇನವಾ’ ಅಂತ ಒದರಿ, ಉತ್ತರ ಕೇಳಸಲಾರದ ಫೋನ್ ಇಡತಿದ್ದಳು. ಮಗಳು ಆರಾಮ ಅದಾಳ ಅನ್ನೂದು ಅಕಿಗೆ ಯಾವಾಗಲೂ ಮಂದಿ ಬಾಯಿಲೆ ಗೊತ್ತಾಗತಿತ್ತು.

ಈಗ ಮೋಡೆಮ್ ಅಂದ್ರ ಏನು ಅಂತ ಹೇಳಬೇಕು, ಯಾಕಂದ್ರ ಇವತ್ತಿನ ಹುಡುಗರಿಗೆ ಅದರ ಮಾರಿನೂ ಗೊತ್ತಿಲ್ಲ. ಟೆಲಿಫೋನ್ ತಂತಿ ಹಾಕಿದ್ದು ಮನಷ್ಯಾರು ಮಾತಾಡಾಕ. ಕಂಪ್ಯೂಟರಿಗೆ ಮಾತ ಬರೂದಿಲ್ಲ. ಅದರ ಅಂಕಿಗಳನ್ನ ದನಿ ಮಾಡಿ ತಂತಿಗೆ ಬಿಡೂದು, ಆ ಕಡಿಂದ ಬಂದ ದನೀನ ಮತ್ತ ಅಂಕಿ ಮಾಡೂದು, ಇದು ಮೋಡೆಮ್ ಕೆಲಸ. ನಂಬರ್ ಹಚ್ಚಿದ ಕೂಡಲೆ ಕೀ ಅಂತ, ಗುರ್ ಅಂತ, ಚರ್ ಅಂತ ಒದರತಿತ್ತಲ್ಲ, ಮಂದಿ ಅದನ್ನ ಕೇಳಿ ನಗತಿದ್ರು. ಅದು ಸುಮ್ಮನ ಒದರೂದಲ್ಲ. ನಮ್ಮ ಡಬ್ಬಿ ಬೆಳಗಾವಿಯ ಇಂಟರ್‌ನೆಟ್ ಆಫೀಸಿನಾಗಿನ ಡಬ್ಬಿಗೆ ಕೇಳತಿತ್ತು: ಈ ದನಿ ಮುಟ್ಟಿತೇನು? ಇದಕ್ಕಿಂತ ಸಣ್ಣದು? ಇದಕ್ಕಿಂತ ದಪ್ಪಂದು? ಯಾವ ದನಿ ಸ್ವಚ್ಛ ಹೋತು, ಯಾವುದನ್ನ ತಂತಿ ನುಂಗಿತು ಅಂತ ಇಬ್ಬರೂ ನೋಡಿ, ‘ಹಂಗಾರ ಇಷ್ಟ ಜೋರಲೆ ಮಾತಾಡೂಣು’ ಅಂತ ಒಂದು ವೇಗಕ್ಕ ಒಪ್ಪಿಕೋತಿದ್ದುವು. ಡಬ್ಬಿ ಮ್ಯಾಲಿನ ಐವತ್ತಾರು ಅಂದ್ರ ಸೆಕೆಂಡಿಗೆ ಐವತ್ತಾರು ಸಾವಿರ ಅಂಕಿ, ಭಾಳ ಅಂದ್ರ ಅಷ್ಟು. ತಂತಿ ಚಲೋ ಇದ್ರ ಜೋರ. ತಂತ್ಯಾಗ ಚರಚರ ಇದ್ರ ಸಾವಕಾಶ. ನಡುವ ಗದ್ದಲ ಹೆಚ್ಚಾದ್ರ ನಿಂತು, ಮತ್ತ ಪರೀಕ್ಷಾ ಮಾಡಿ, ಇನ್ನೊಂದ ಮೆಟ್ಟಲ ಕೆಳಗ ಇಳೀತಿದ್ದುವು. ಗದ್ದಲ ಕಡಿಮಿ ಆದ್ರ ತಾವ ಮ್ಯಾಲ ಏರತಿದ್ದುವು. ಯಾವ ತುಣುಕು ಕೆಟ್ಟು ಬಂತೋ ಅದನ್ನ, ‘ತಿಳೀಲಿಲ್ಲ, ಮತ್ತೊಮ್ಮಿ ಹೇಳು’ ಅಂತ ಕೇಳಿ ತಗೋತಿದ್ದುವು. ಯಾರೂ ಸಿಟ್ಟಾಗತಿದ್ದಿಲ್ಲ, ಯಾರೂ ಯಾರನ್ನೂ ಕಿವುಡ ಅಂತಿದ್ದಿಲ್ಲ.

ಇದನ್ನ ನಾ ಒಮ್ಮಿ ಅಡಗಿಮನ್ಯಾಗ ರೊಟ್ಟಿ ಬಡಿಯೂ ಮುಂದ ಚಿಗವ್ವಗ ಸಾವಕಾಶ ಹೇಳಿದೆ. ಅಕಿ ಹಿಟ್ಟಿನ ಕೈ ಹಂಗ ಹಿಡಕೊಂಡು ಪೂರಾ ಕೇಳಿದಳು. ‘ಭಾಳ ಶಾಣ್ಯಾ ಡಬ್ಬಿ ಬಿಡವಾ’ ಅಂದಳು. ಆಮ್ಯಾಲ ಬೂತಿನ ಕಡೆ ಒಂದ ಸಲ ನೋಡಿ ಮತ್ತ ರೊಟ್ಟಿ ಬಡಿಯಾಕ ಹತ್ತಿದಳು.

ಬೂತಿನಾಗ ಇದ್ದ ಶಾಣ್ಯಾನ ಕತಿ ಕೇಳ್ರಿ ಈಗ. ಹುಬ್ಬಳ್ಳಿಂದ ಬಂದು ಮಶಿನ್ ಹಚ್ಚಿ ಹೋದ ಮನಷ್ಯಾ ಅರ್ಧಾ ಮರ್ಧಾ ಕೆಲಸ ಮಾಡಿ ಹೋಗಿದ್ದ. ಲೈನ್ ಹತ್ತಿದ ಕೂಡಲೆ ಪರದೆ ಮ್ಯಾಲ ಸಣ್ಣ ಚೌಕಟ್ಟಿನಾಗ ಒಂದು ಲಕ್ಷ ಹದಿನೈದು ಸಾವಿರದ ಎರಡನೂರು ಅಂತ ಬರತಿತ್ತು. ಅದು ಕಂಪ್ಯೂಟರಿಂದ ಮೋಡೆಮ್ ತನಕ ಇರೂ ಗೇಣುದ್ದದ ವಾಯರಿನ ವೇಗ. ಹೊರಗಿನ ತಂತಿಗೂ ಅದಕ್ಕೂ ಸಂಬಂಧ ಇಲ್ಲ. ಕಾಕಾಗ ಅದೆಲ್ಲ ಯಾಕ ಬೇಕು? ‘ಐವತ್ತಾರು ಕೊಡತೇವಿ ಅಂದಿದ್ದೆ, ಒಂದು ಲಕ್ಷದ ಮ್ಯಾಲ ಓಡಾಕ ಹತ್ತೈತಿ ನೋಡ್ರಿ!’ ಅಂತ ಬಸ್ಸಿಗೆ ನಿಂತವರನ್ನ ಕೈ ಹಿಡದು ಎಳಕೊಂಡ ಬಂದು ತೋರಸತಿದ್ದ. ಚಾದಂಗಡಿ ಸಾಬರು ಪಾಪ, ‘ಮಾಶಾ ಅಲ್ಲಾ’ ಅಂದು ಹೋಗತಿದ್ರು.

ನಾನು ಕ್ಲಾಸಿನ ಪುಸ್ತಕ ನೋಡಿ, ಖರೇ ವೇಗ ತೋರಸೂ ಹಂಗ ಒಂದು ಅಪ್ಪಣಿ ಮೋಡೆಮಿಗೆ ಹಾಕಿದೆ. ಮರುದಿನ ಚೌಕಟ್ಟಿನಾಗ ಮೂವತ್ತೊಂದು ಸಾವಿರದ ಎರಡನೂರು ಅಂತ ಬಂತು. ಅಯ್ಯಯ್ಯಯ್ಯ! ಕಾಕಾ ನನ್ನ ಮ್ಯಾಲ ಹಾರಿಬಿದ್ದ. ‘ಏನ ಮಾಡಿದಿ? ಲಕ್ಷ ಎಲ್ಲಿ ಹೋತು? ಓಡೂ ಕುದರಿ ಕಾಲಿಗೆ ಹಗ್ಗ ಕಟ್ಟಿದೆಲ್ಲೇ ಹುಚ್ಚಿ!’ ಅಂದ. ನಾ ಎಷ್ಟ ಹೇಳಿದ್ರೂ ಅಷ್ಟ. ಅಂಕಿ ಖರೇ ಆಗಿದ್ದಕ್ಕ ನಾ ಕಳ್ಳಿ ಆದೆ.

ಆಮ್ಯಾಲ ಅಂವ ಒಂದು ಕಾಯದೆ ಮಾಡಿದ. ನಲವತ್ತು ಸಾವಿರದ ಕೆಳಗ ಹತ್ತಿದ್ರ ಲೈನ್ ಕಡೀಬೇಕು, ಮತ್ತ ಹಚ್ಚಬೇಕು. ಯಾಕ? ನಾವು ಕಿತ್ತೂರವರು! ಬೂತಿನ ಬಾಗಲದಾಗ ನಿಂತು ಕೋಟೆ ಕಡೆ ಕೈ ಮಾಡಿ, ‘ಬ್ರಿಟಿಷರ ತೋಫಿಗೆ ಬಗ್ಗಲಾರದ ಊರಿದು. ಬೆಳಗಾವಿ ಡಬ್ಬಿ ಇಳಿ ಅಂದ್ರ ಇಳೀಬೇಕ? ಹಿಂದ ಸರಿಯೂ ಮಾತ ಇಲ್ಲ’ ಅಂತ ಎದಿ ಉಬ್ಬಸತಿದ್ದ. ಕೋಟೆ ಗ್ವಾಡಿ ಮ್ಯಾಲ ಆಡು ಮೇಯತಿದ್ದುವು. ಅವೂ ಒಂದ ಸಲ ತಲಿ ಎತ್ತಿ ಇಂವನ್ನ ನೋಡಿರಬೇಕು. ಬೆಳಗಾವಿ ಡಬ್ಬಿ ಇವನ ರಾಜ್ಯ ಕೇಳಾಕ ಬಂದಿತ್ತೇನು? ಅದು ಕೇಳಿದ್ದು ಇಷ್ಟ: ‘ಅಪ್ಪಾ, ನಿನ್ನ ತಂತಿ ಕೆಟ್ಟೈತಿ, ತಿಳಿಯೂ ಹಂಗ ಮಾತಾಡ್ತಿಯೇನು?’

ತಂತಿ ಯಾಕ ಕೆಟ್ಟಿತ್ತು ಅನ್ನೂದು ಅಗದಿ ಮಜಾ. ಕಂಬದಿಂದ ಬೂತಿಗೆ ಬಂದ ಲೈನ್ ಚಲೋನ ಇತ್ತು. ಆದ್ರ ಊರಾಗ ಫೋನ್ ಇದ್ದವರ ಮನ್ಯಾಗ ಕೋಣಿಗೊಂದು ಫೋನ್ ಇರೂದು ಡೌಲಿನ ಮಾತಾಗಿತ್ತು. ಹಂಗಾಗಿ ಕಾಕಾ ಅದ ಲೈನಿಂದ ಮನಿ ಪಡಸಾಲಿಗೊಂದು, ಮಾಳಿಗಿಗೊಂದು, ಹಿತ್ತಲದ ಕೊಟ್ಟಿಗಿಗೊಂದು ಫೋನ್ ಎಳದಿದ್ದ. ಹೌದ್ರಿ, ಕೊಟ್ಟಿಗಿಗೆ! ಎಮ್ಮಿ ಯಾರಿಗೆ ಫೋನ್ ಮಾಡಬೇಕಿತ್ತೋ ಆ ದೇವರಿಗೇ ಗೊತ್ತು. ಆ ವಾಯರ್ ಸೈತ ಹೊಸಾದಲ್ಲ. ಸುಟ್ಟ ಪಂಪಿನ ವಾಯರು, ಬಲ್ಬಿನ ವಾಯರು, ಸಿಕ್ಕಿದ್ದನ್ನ ಹೊಸೆದು ಹೊಸೆದು ಜೋಡಿಸಿ, ಜೋಡಿಗೆ ಹರಕ ಧೋತರದ ಚಿಂದಿ ಸುತ್ತಿ, ಬೇವಿನ ಗಿಡದ ಟೊಂಗಿ ಮ್ಯಾಲ ಹಾಯಿಸಿದ್ದ. ಗಾಳಿ ಬೀಸಿದ್ರ ಫೋನಿನಾಗ ಚರಚರ. ಮಳಿ ಬಂದ್ರ ಚಿಂದಿ ನೆನದು ಇನ್ನೂ ಜೋರ ಚರಚರ. ‘ಕಾಕಾ, ಆ ವಾಯರ್ ಬಿಚ್ಚಿದ್ರ ವೇಗ ತಾನ ಏರತೈತ್ರಿ’ ಅಂದೆ. ‘ನನ್ನ ಲೈನಿಗೆ ಹೆಸರಿಡಬ್ಯಾಡ, ನಿನ್ನ ಡಬ್ಬಿನ ಅಂಜುಬುರಕ’ ಅಂದ.

ಈ ಕಾಯದೆಗೆ ಸಿಕ್ಕು ಮಂದಿ ಪಟ್ಟ ಪಾಡ ಅಷ್ಟಿಷ್ಟಲ್ಲ. ಹತ್ತಿ ಧಾರಣಿ ನೋಡಾಕ ಬಂದ ಬೈಲಹೊಂಗಲದ ದಲಾಲಿ ಒಬ್ಬ, ಲೈನ್ ಹತ್ತೂದು, ಕಾಕಾ ಕಡಿಯೂದು, ಹತ್ತೂದು, ಕಡಿಯೂದು ನೋಡಿ ನೋಡಿ ಸಾಕಾಗಿ, ‘ಇದರಕಿಂತ ಬಸ್ಸಿಗೆ ಹೋಗಿ ಕೇಳಕೊಂಡ ಬರತೇನಿ, ಬಿಡ್ರಿ’ ಅಂತ ಎದ್ದ. ಇನ್ನೊಮ್ಮಿ ಸಂಗೊಳ್ಳಿಯ ಪಿಂಚಣಿ ಮಾಸ್ತರು ಮೊಮ್ಮಗನ ಫೋಟೋ ಬಂದೈತಿ ಅಂತ ಬಂದ್ರು. ನಾನು ಕಾಕಾ ಇಲ್ಲದ ಹೊತ್ತು ನೋಡಿ ಇಪ್ಪತ್ತೆಂಟು ಸಾವಿರಕ್ಕ ಹತ್ತಿದ ಲೈನನ್ನ ಹಂಗ ಬಿಟ್ಟಿದ್ದೆ. ಫೋಟೋ ಮ್ಯಾಲಿಂದ ಸಾವಕಾಶ ಇಳಕೋತ ಬರಾಕ ಹತ್ತಿತ್ತು. ಕೂದಲ ಬಂತು, ಹಣಿ ಬಂತು. ಹುಬ್ಬಿಗೆ ಬರೂದಕ್ಕ ಕಾಕಾ ಬಂದ. ಚೌಕಟ್ಟಿನಾಗ ಅಂಕಿ ನೋಡಿದವನ ಕಡದ ಬಿಟ್ಟ. ಮಾಸ್ತರು ಆ ಹಣಿನ ಒಂದೀಟ ಹೊತ್ತು ನೋಡಿ, ‘ಹಣಿ ನಮ್ಮ ಮನೆತನದ್ದ ಐತ್ರಿ’ ಅಂದು ಕೋಲ ಊರಕೋತ ಬಸ್ಸಿಗೆ ಹೋದ್ರು. ಕಾಕಾಗ ನಾಚಿಕಿ ಅನ್ನೂದು ಬರಲಿಲ್ಲ. ‘ಅರ್ಧಾ ಫೋಟೋ ಆದ್ರೂ ಜೋರಲೆ ಬಂತಿಲ್ಲೋ’ ಅಂದ.

ಇದೆಲ್ಲಾ ನಕ್ಕು ಬಿಡೂ ಮಾತು. ಆ ವರ್ಷ ಮಳಿಗಾಲದಾಗ ಬಂದ ಮಾತು ಹಂಗಿರಲಿಲ್ಲ.

ಅಕ್ಕಂದು ದಿನ ತುಂಬಿದ್ದುವು. ಕೂಸು ಹೊಟ್ಟ್ಯಾಗ ಅಡ್ಡ ತಿರಗೈತಿ, ನಾಳೆ ಮುಂಜಾನೆ ಆಪರೇಶನ್ ಮಾಡತಾರ ಅಂತ ನನಗ ಇಮೇಲ್ ಹಾಕಿದ್ದಳು. ‘ಇವತ್ತ ಊರ ಟೈಮಿನಾಗ ಸಂಜಿ ನಾಕಕ್ಕ ನಮ್ಮ ದವಾಖಾನಿ ಆಫೀಸಿನ ಕಂಪ್ಯೂಟರ್ ಮುಂದ ನನಗ ಒಂದು ತಾಸು ಕುಂದರಾಕ ಕೊಡತಾರ. ಆಮ್ಯಾಲ ವಾರ್ಡಿಗೆ ಹಾಕತಾರ. ಅವ್ವನ್ನ ಕರಕೊಂಡ ಬಂದು ಚಾಟಿಗೆ ಕುಂದರಸು. ಅಕಿ ಕೂಡ ಮಾತಾಡಬೇಕು. ಫೋನಿನಾಗ ಆಗೂದಿಲ್ಲ, ನಿನಗ ಗೊತ್ತೈತಿ’ ಅಂತ ಬರದಿದ್ದಳು. ನಾನು ಚಿಗವ್ವನ ಎದರಿಗೆ ಕುಂತು ಒಂದೊಂದ ಮಾತು ಬಿಡಿಸಿ ಹೇಳಿದೆ. ಅಕಿ ಮಾರಿ ಒಣಗಿತು. ‘ಹೆಂಗರ ಮಾಡಿ ಮಾತಾಡಸವಾ. ಒಳಗ ಒಯ್ಯೂದಕಿಂತ ಮೊದಲ ನಾ ಅಕಿಗೆ ಎರಡ ಮಾತ ಹೇಳಬೇಕು’ ಅಂದಳು. ನನ್ನ ಕೈ ಹಿಡದಾಕಿ ಬಿಡಲಿಲ್ಲ.

ಅವತ್ತ ಮುಂಜಾನಿಂದ ಜಿಟಿಜಿಟಿ ಮಳಿ. ಕಿತ್ತೂರ ಮಳಿ ಹಿಡೀತಂದ್ರ ಬಿಡೂ ಜಾತಿದಲ್ಲ. ಬೇವಿನ ಗಿಡದ ಮ್ಯಾಲಿನ ಚಿಂದಿ ಎಲ್ಲಾ ತೊಯ್ದು ತೊಟತೊಟ ಸೋರತಿತ್ತು. ಫೋನ್ ಎತ್ತಿ ಕಿವಿಗೆ ಹಿಡದ್ರ ಎಣ್ಯಾಗ ಭಜಿ ಬಿಟ್ಟಂಗ ಸಪ್ಪಳ. ನಾಕಕ್ಕ ಚಿಗವ್ವ ಸೀರಿ ಬದಲಿ ಮಾಡಿ, ಹಣಿಗೆ ವಿಭೂತಿ ಹಚ್ಚಿಕೊಂಡು ಬಂದು ನನ್ನ ಬಾಜೂ ಸ್ಟೂಲಿನ ಮ್ಯಾಲ ಕುಂತಳು. ಮೌಸ್ ಯಾರ ಕೈಯಾಗ ಇತ್ತು? ಕಾಕಾನ ಕೈಯಾಗ. ‘ಮಳಿ ದಿನ ಗಿರಾಕಿ ಇಲ್ಲ, ನಾ ಹಚ್ಚಿ ಕೊಡತೇನಿ’ ಅಂತ ನಡುವ ಬಂದು ನಿಂತಿದ್ದ. ಯಾರ ಕೂಡ ಮಾತು, ಯಾಕ ಮಾತು ಅಂತ ಕೇಳಲಿಲ್ಲ. ಅಂವಗ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದಂಗ ಇರೂದ್ರಾಗ ಅಂವ ಭಾಳ ಹುಷಾರಿ.

ಡಬ್ಬಿ ಒದರಿತು. ಎಂದಿಗಿಂತ ಹೆಚ್ಚು ಹೊತ್ತು ಒದರಿತು. ಪಾಪ, ಅದಕ್ಕ ಅವತ್ತ ಎಷ್ಟ ಸಲ ಕೇಳಬೇಕಾತೋ ಏನೋ. ಹತ್ತಿತು: ಹತ್ತೊಂಬತ್ತು ಸಾವಿರದ ಎರಡನೂರು. ‘ಥೂ’ ಅಂದಾವನ ಕಾಕಾ ಕಡದ. ನಾ ‘ಕಾಕಾ!’ ಅನ್ನೂದ್ರೊಳಗ ಮತ್ತ ಹಚ್ಚಿದ. ಹದಿನಾಕು ಸಾವಿರದ ನಾಕನೂರು. ಕಡದ. ‘ಅಷ್ಟ ಸಾಕ್ರಿ, ಬರೇ ಅಕ್ಷರ ಹೋಗಬೇಕು, ಫೋಟೋ ಅಲ್ಲ. ಅಕ್ಷರಕ್ಕ ಅದರ ಕಾಲುಪಾಲು ಇದ್ರೂ ನಡೀತೈತಿ’ ಅಂದೆ. ‘ನೀ ಸುಮ್ಮಕಿರು, ಇವತ್ತ ಏರಿಸೇ ತೀರತೇನಿ’ ಅಂದ. ಮೂರನೇ ಸಲ ಹತ್ತಲೇ ಇಲ್ಲ. ಗಡಿಯಾರ ನಾಕು ದಾಟಿ ಹೊಂಟಿತ್ತು. ಅಲ್ಲಿ ದಿನ ತುಂಬಿದ ಹುಡುಗಿ ಖಾಲಿ ಪರದೆ ನೋಡ್ಕೋತ ಕುಂತಿರತಾಳ, ಇಲ್ಲಿ ಇವ ಅಂಕಿ ಏರಸತಾನಂತ! ಸಿಟ್ಟು ನೆತ್ತಿಗೇರಿತು. ‘ಏಳ್ರಿ ಕಾಕಾ! ನಿಮ್ಮ ಬಡಿವಾರಕ್ಕ ಬೆಂಕಿ ಬೀಳಲಿ’ ಅಂದೆ. ಹಂಗ ಅವನಿಗೆ ಆ ಮನ್ಯಾಗ ಯಾರೂ ಅಂದಿರಲಿಲ್ಲ. ಅಂವ ನನ್ನ ಕಡೆ ಹೊಳ್ಳಿ ಸೈತ ನೋಡಲಿಲ್ಲ, ಮತ್ತ ಹಚ್ಚಿದ.

ಕೀ, ಗುರ್, ಚರ್. ನಿಂತಿತು. ಮತ್ತ ಕೀ. ಹತ್ತಿತು: ಒಂಬತ್ತು ಸಾವಿರದ ಆರನೂರು.

ಕಾಕಾನ ಬೆರಳು ಮೌಸಿನ ಕಡೆ ಹೋತು. ಅದಕ್ಕಿಂತ ಮೊದಲ ಚಿಗವ್ವ ಮೌಸಿನ ಮ್ಯಾಲ ಅಂಗೈ ಹಾಕಿ ಒತ್ತಿ ಹಿಡದಳು. ನಮ್ಮ ಜಗಳದ ಮಾತು ಅಕಿಗೆ ಒಂದೂ ಕೇಳಿಸಿರಲಿಲ್ಲ, ಇಬ್ಬರೂ ಒದರಾಕ ಹತ್ತಿದ್ದೆವಲ್ಲ. ಆದ್ರ ಡಬ್ಬಿ ಮ್ಯಾಲ ಕೆಂಪ ದೀಪ ಹತ್ತಿದ ಮ್ಯಾಲ ಇವನ ಬೆರಳು ಎಲ್ಲಿಗೆ ಹೋಗತೈತಿ, ಹೋದ ಕೂಡಲೆ ದೀಪ ಆರತೈತಿ ಅನ್ನೂದನ್ನ ಎರಡು ಸಲ ನೋಡಿದ್ದಳು. ‘ಇಳೀಲಿ ಬಿಡ್ರಿ’ ಅಂದಳು. ಒದರಲಿಲ್ಲ. ಕಾಕಾ ಅಕಿ ಕೈ ಮ್ಯಾಲ ಕೈ ಇಟ್ಟು ಸರಸಾಕ ನೋಡಿದ. ರೊಟ್ಟಿ ಬಡದ ಕೈ ಅದು, ಅಷ್ಟ ಸರಳ ಸರಿಯೂದಿಲ್ಲ. ಅಂವ ಹಿಂದಕ್ಕ ಸರದು ಬಾಗಲದಾಗ ಹೋಗಿ ನಿಂತ. ನಾ ಕುರ್ಚಿ ಎಳಕೊಂಡ ಕುಂತೆ.

ಚಾಟಿನ ಕಿಡಕಿ ತಗಿಯಾಕ ಭಾಳ ಹೊತ್ತು ಹಿಡೀತು. ಆದ್ರ ತಗೀತು. ಅಕ್ಕ ಅಲ್ಲೇ ಇದ್ದಳು. ಇಂಗ್ಲಿಷ್ ಅಕ್ಷರದಾಗ ಕನ್ನಡ ಬರದಿದ್ದಳು, ನಾ ಚಿಗವ್ವನ ಕಡೆ ಮಾರಿ ತಿರುವಿ ಓದಿದೆ: ‘ಅವ್ವಾ. ಬಂದಿಯೇನು.’

‘ಬಂದೇನವಾ’ ಅಂದಳು ಚಿಗವ್ವ, ಕಂಪ್ಯೂಟರಿಗೆ. ನಾ ಬರದೆ.

ಒಂದು ಸಾಲು ಹೋಗಿ, ಒಂದು ಸಾಲು ಬರೂದ್ರೊಳಗ ಒಂದು ಗುಟುಕು ಚಾ ಕುಡೀಬಹುದಾಗಿತ್ತು. ಚಿಗವ್ವಗ ಆ ವೇಗ ಅಗದಿ ಹೊಂದಿತು. ಮಾತು ಬರತಿತ್ತು, ನಾ ಬಿಡಿಸಿ ಓದತಿದ್ದೆ, ಅಕಿ ವಿಚಾರ ಮಾಡಿ ಉತ್ತರ ಕೊಡತಿದ್ದಳು. ಏನ ಉಂಡಿ, ಬಾಜೂ ಯಾರ ಅದಾರ, ಅಳಿಯಾ ರಜಾ ಹಾಕ್ಯಾನೇನು, ಕಾಲಿಗೆ ಬಾವು ಬಂದೈತೇನು. ಒಂದೂ ತಪ್ಪಲಿಲ್ಲ, ಒಂದನ್ನೂ ‘ಏನಂದಿ’ ಅನ್ನಲಿಲ್ಲ. ಬಾಗಲದಾಗ ನಿಂತ ಕಾಕಾ ಹೊರಗಿನ ಮಳಿ ನೋಡೂದು ಬಿಟ್ಟು ಹೇಣ್ತೀನ ನೋಡಾಕ ಹತ್ತಿದ್ದ.

ನಡುವ ಒಮ್ಮಿ ಗುಡುಗು ಹೊಡೀತು. ಡಬ್ಬಿ ಮ್ಯಾಲಿನ ದೀಪ ಮಿಣಮಿಣ ಅನ್ನೂದು ನಿಂತುಬಿಟ್ಟಿತು. ಚಿಗವ್ವ ನನ್ನ ತೋಳ ಹಿಡದಳು. ನನಗ ಗೊತ್ತಿತ್ತು, ಅದು ಸತ್ತಿಲ್ಲ, ಕೇಳಾಕ ಹತ್ತೈತಿ: ಈಗ ಎಷ್ಟ ಮುಟ್ಟತೈತಿ, ಇನ್ನೂ ಇಳಿಯೂಣೇನು ಅಂತ. ಗೊತ್ತಿದ್ದೂ ದೀಪದ ಮ್ಯಾಲಿನ ಕಣ್ಣ ತಗೀಲಿಲ್ಲ. ಆಮ್ಯಾಲ ದೀಪ ಮಿಣಕ್ ಅಂತು, ಮತ್ತ ಮಿಣಕ್. ಅಕ್ಷರ ಮೊದಲಿಗಿಂತ ಸಾವಕಾಶ ಬಂದುವು, ಆದ್ರ ಬಂದುವು.

‘ಅಂಜಿಕಿ ಬಂದೈತಿ ಅವ್ವಾ.’

ನಾ ಅದನ್ನ ಬಿಡಿಸಿ ಓದಿದೆ. ಚಿಗವ್ವ ಪರದೆ ಮ್ಯಾಲ ಕೈ ಇಟ್ಟಳು. ‘ಬರಿ’ ಅಂದಳು. ‘ನಿನ್ನ ಹಡಿಯೂ ಮುಂದ ನಾನೂ ಅಂಜಿದ್ದೆ. ಸೂಲಗಿತ್ತಿ ಏನ ಹೇಳತಾಳ ಅಂತ ಒಂದೂ ಕೇಳತಿದ್ದಿಲ್ಲ. ಅಕಿ ತುಟಿ ನೋಡ್ಕೋತ ಹಡದೆ. ನಿನ್ನ ಕಿವಿ ಚಲೋ ಅದಾವ. ಡಾಕ್ಟರ್ ಹೇಳಿದ್ದು ಎಲ್ಲಾ ಕೇಳತೈತಿ. ಹಂಗಾರ ಅಂಜಿಕಿ ಯಾತರದು.’ ನಾ ಬರದೆ. ಅಕಿ ಇಪ್ಪತ್ತು ವರ್ಷಕ್ಕೂ ಮ್ಯಾಲ ಯಾರಿಗೂ ಹೇಳಲಾರದ ಮಾತು, ಒಂದೊಂದ ಅಕ್ಷರ ಆಗಿ, ಚಿಂದಿ ಸುತ್ತಿದ ವಾಯರಿನ ಗದ್ದಲ ದಾಟಿ ಮಸ್ಕತ್ತಿಗೆ ಹೋತು.

ಮರುದಿನ ತಾಯಿ ಕೂಸು ಇಬ್ಬರೂ ಆರಾಮ ಅಂತ ಸುದ್ದಿ ಬಂತು, ಹೆಣ್ಣು ಕೂಸು. ಅದನ್ನ ಈಗ ಹೇಳಿ ಮುಗಸತೇನಿ, ಯಾಕಂದ್ರ ಆ ಸಂಜಿ ಇನ್ನೊಂದು ಮಾತು ಬಾಕಿ ಐತಿ.

ತಾಸು ಮುಗಿಯಾಕ ಬಂದಿತ್ತು. ಅಕ್ಕ ಬರದಳು: ‘ಅಪ್ಪ ಅದಾನೇನು ಅಲ್ಲೆ.’ ನಾ ಓದಿದೆ, ಜೋರಲೆ ಓದಿದೆ, ಬಾಗಲಕ್ಕ ಕೇಳೂ ಹಂಗ. ಚಿಗವ್ವ, ‘ಅದಾರ ಅಂತ ಬರಿ’ ಅಂದಳು. ಬರದೆ. ಆ ಕಡಿಂದ ಏನೂ ಬರಲಿಲ್ಲ. ಲೈನ್ ಹೋತೇನೋ ಅಂದುಕೊಂಡೆ. ದೀಪ ಹತ್ತೇ ಇತ್ತು.

ಆಗ ಬಾಗಲದಾಗಿಂದ ಕಾಕಾ ಏನೋ ಅಂದ. ಎಂದಿನಂಗ ಭಡಭಡ, ಅರ್ಧಾ ಮಾತು ಮಳ್ಯಾಗ, ಅರ್ಧಾ ಮಾತು ಮೀಸ್ಯಾಗ. ನನಗ ಕೇಳಿಸಿತು. ಚಿಗವ್ವಗ ಕೇಳಲಿಲ್ಲ. ಅಕಿ ನನ್ನ ಮಾರಿ ನೋಡಿ, ‘ಏನಂದ್ರು?’ ಅಂದಳು. ಆ ಮನ್ಯಾಗ ಅಕಿ ದಿನಾ ಕೇಳೂ ಮಾತದು. ದಿನಾ ನಾನ ಹೇಳತಿದ್ದೆ, ಇಲ್ಲಾಂದ್ರ ಬಂದವರು ಯಾರರ ಹೇಳತಿದ್ರು. ಅವತ್ತ ನನಗ ಸಾಕಾಗಿತ್ತು.

‘ಕಾಕಾ, ನಾ ಹೇಳೂದಿಲ್ಲ. ನೀವ ಹೇಳ್ರಿ. ತಿಳಿಯೂ ಹಂಗ ಹೇಳ್ರಿ’ ಅಂದೆ.

ಅಂವ ಸಿಡಿಮಿಡಿ ಆದ. ಲೈನ್ ಹತ್ತಿದಾಗ ಬಂದ ಅಂಕಿ ನೋಡಿದ, ಒಂಬತ್ತು ಸಾವಿರದ ಆರನೂರು. ಬೋರ್ಡಿನ ಕಡೆ ನೋಡಿದ. ಹೊರಗ ಹೋಗಿಬಿಡತಾನ ಅಂದುಕೊಂಡೆ, ಹೋಗಲಿಲ್ಲ. ಚಪ್ಪಲಿ ಬಿಟ್ಟು ಒಳಗ ಬಂದು, ಚಿಗವ್ವನ ಎದರ ನಿಂತ. ಹೆಂಗ ನಿಂದರಬೇಕು ಅನ್ನೂದೂ ಅವನಿಗೆ ಗೊತ್ತಿರಲಿಲ್ಲ. ಮೊದಲ ನಿಂತ, ಆಮ್ಯಾಲ ಬಗ್ಗಿದ, ಆಮ್ಯಾಲ ಅಕಿ ಮಾರಿ ಸರಿಸಮ ಆಗೂ ಹಂಗ ಕುಕ್ಕರಗಾಲಲೆ ಕುಂತ. ಬಾಯಿ ತಗದ. ಒಂದು ಮಾತು ಬಂತು, ನಿಂತಿತು. ಇನ್ನೊಂದು ಮಾತು ಬಂತು. ಅಭ್ಯಾಸ ಇಲ್ಲದ್ದಕ್ಕ ಹಳೇ ಚಾಳಿಲೆ ಊರಿಗೆ ಕೇಳೂ ಹಂಗ ಒದರಿದ, ಆದ್ರ ಬಿಡಿಸಿ ಬಿಡಿಸಿ ಒದರಿದ:

‘ಅಪ್ಪ. ಅದಾನ. ಅಂಜಬ್ಯಾಡ. ಅನ್ನು. ಅಕಿಗೆ.’

ಚಿಗವ್ವ ಅವನ ತುಟಿ ನೋಡೂದು ಬಿಟ್ಟು ಕಣ್ಣು ನೋಡಿದಳು. ಸೆರಗಿಲೆ ಮೂಗು ಒರಸಿಕೊಂಡು, ನನಗ ಬರಿ ಅಂತ ಕೈ ಸನ್ನಿ ಮಾಡಿ, ಅವನಿಗೆ ಅಂದಳು:

‘ಕೇಳಿಸ್ತು. ಒದರಬ್ಯಾಡ್ರಿ.’